ಹಳೇ ಕಾರು ಹೀಟ್ ಆಗ್ತಿದ್ಯಾ, ಹೀಟರ್ ಕೋರ್ ಲೀಕಾ? ಯಾವುದನ್ನ ಮೊದಲು ನೋಡೋದು, ಯಾವ ರಿಪೇರಿ ಆರಿಸೋದು

ಮಾರುತಿ 800, ಝೆನ್, ಎಸ್ಟೀಮ್, ಹಳೇ ಸ್ಯಾಂಟ್ರೋ, ಇಂಡಿಕಾ, ಕ್ವಾಲಿಸ್, ಸುಮೋ, ಹೀಗೆ ಹದಿನೈದು ಇಪ್ಪತ್ತು ವರ್ಷ ದಾಟಿರೋ ಗಾಡಿನ ಇನ್ನೂ ಓಡಿಸ್ತಿರೋರಿಗೆ ಇದು. ಟೆಂಪರೇಚರ್ ಮುಳ್ಳು ಮೇಲಕ್ಕೆ ಹೋಗ್ತಿದೆ ಅಂತ ಗ್ಯಾರೇಜಿಗೆ ಹೋದ್ರೆ ಎಷ್ಟೋ ಕಡೆ ಕಥೆ ಒಂದೇ ತರ ನಡೆಯತ್ತೆ, ಮೊದಲು ಥರ್ಮೋಸ್ಟಾಟ್ (ಎಂಜಿನ್ ಬಿಸಿಯಾದ ಮೇಲೆ ಮಾತ್ರ ರೇಡಿಯೇಟರಿಗೆ ನೀರು ಬಿಡೋ ವಾಲ್ವ್) ಕಿತ್ತು ಪಕ್ಕಕ್ಕಿಡ್ತಾರೆ, ಆಮೇಲೆ ರೇಡಿಯೇಟರ್ ಸರ್ವಿಸ್ ಅಂತಾರೆ, ಆಮೇಲೆ ವಾಟರ್ ಪಂಪು, ಅದೂ ಆಗ್ಲಿಲ್ಲ ಅಂದ್ರೆ "ಹೆಡ್ ಬಿಚ್ಚಬೇಕು ಸಾರ್", ಅಂದ್ರೆ ಎಂಜಿನ್ನಿನ ಮೇಲ್ಭಾಗ. ಒಂದೊಂದೇ ಪಾರ್ಟ್ ಬದಲಾಯಿಸ್ತಾ ಹೋದ್ರೆ ಕೊನೆಗೆ ಕೆಟ್ಟಿರೋ ಪಾರ್ಟು ಸಿಕ್ಕೇ ಸಿಗತ್ತೆ, ಆದ್ರೆ ಅಷ್ಟೊತ್ತಿಗೆ ಗಾಡಿ ರೇಟಿಗೂ ಬಿಲ್ಲಿಗೂ ಪೈಪೋಟಿ ಶುರುವಾಗಿರತ್ತೆ. ಅದಕ್ಕೆ ನಾನು ಹೇಳೋದು ಇಷ್ಟೇ, ಸ್ಪ್ಯಾನರ್ ಕೈಗೆ ತಗೊಳ್ಳೋ ಮುಂಚೆ ಎರಡು ಪ್ರಶ್ನೆಗೆ ಉತ್ತರ ಹುಡುಕಿ. ಕೂಲೆಂಟ್ (ಎಂಜಿನ್ ತಣ್ಣಗಿಡೋಕೆ ಒಳಗೆ ಸುತ್ತಾಡೋ ನೀರು ಅಥವಾ ದ್ರಾವಣ) ಕಮ್ಮಿ ಆಗ್ತಿದ್ಯಾ ಇಲ್ವಾ? ಗಾಡಿ ಹೀಟ್ ಆಗೋದು ಯಾವಾಗ, ನಿಂತಿರೋವಾಗ್ಲಾ ಓಡ್ತಿರೋವಾಗ್ಲಾ? ಈ ಎರಡರಲ್ಲೇ ಅರ್ಧ ಅನುಮಾನ ಕಳೆದುಹೋಗತ್ತೆ.

ಮೊದಲನೇದು ನೋಡೋಕೆ ಬೆಳಿಗ್ಗೆ ಗಾಡಿ ಸ್ಟಾರ್ಟ್ ಮಾಡೋ ಮುಂಚೆ ಬಾನೆಟ್ ಎತ್ತಿ ರೇಡಿಯೇಟರ್ ಕ್ಯಾಪೇ ತೆಗೀಬೇಕು, ಪಕ್ಕದ ಪ್ಲಾಸ್ಟಿಕ್ ಡಬ್ಬಿ ನೋಡಿ ಸುಮ್ಮನಾಗೋದಲ್ಲ. ಡಬ್ಬಿ ತುಂಬಿದ್ದು ರೇಡಿಯೇಟರ್ ಒಳಗೆ ಕಮ್ಮಿ ಇದ್ರೆ ಕ್ಯಾಪಿನ ಒಳಗಿರೋ ಸಣ್ಣ ವಾಲ್ವೋ, ಕ್ಯಾಪಿಂದ ಡಬ್ಬಿಗೆ ಹೋಗೋ ತೆಳ್ಳನೆ ಪೈಪೋ ಕೆಟ್ಟಿರತ್ತೆ, ಎಂಜಿನ್ ತಣ್ಣಗಾಗೋವಾಗ ಡಬ್ಬಿಯಿಂದ ಕೂಲೆಂಟ್ ವಾಪಸ್ ಎಳ್ಕೋಬೇಕು, ಅದು ಎಳ್ಕೊಳ್ತಿಲ್ಲ ಅಂತ ಅರ್ಥ. ಡಬ್ಬಿ ಮೇಲೆ ಮಾರ್ಕರಲ್ಲಿ ಒಂದು ಗೆರೆ ಎಳೆದು ಒಂದು ವಾರ ನೋಡಿ, ಕೂಲೆಂಟ್ ಆ ಗೆರೆಯಲ್ಲೇ ಇದ್ದು ರೇಡಿಯೇಟರ್ ಒಳಗೂ ತುಂಬಿದ್ರೆ ಲೀಕ್ ಅನ್ನೋ ಮಾತೇ ಬೇಡ.

ಬಿಸಿ ಎಂಜಿನ್ನಿನ ಕ್ಯಾಪ್ ತೆಗೀಬೇಡಿ ಅಂತ ಎಲ್ಲರೂ ಹೇಳ್ತಾರೆ, ಯಾಕೆ ಅಂತ ಹೇಳೋರು ಕಮ್ಮಿ. ಬೆಂಗಳೂರು ಸಮುದ್ರಮಟ್ಟಕ್ಕಿಂತ ಹತ್ತಿರ ಹತ್ತಿರ 900 ಮೀಟರ್ ಮೇಲಿದೆ, ಇಲ್ಲಿ ಬರೀ ನೀರು 97 ಡಿಗ್ರಿಗೇ ಕುದಿಯತ್ತೆ. ಹಳೇ ಜಪಾನೀ ಮೂಲದ ಗಾಡಿಗಳ ಕ್ಯಾಪ್ ಮೇಲೆ ಸಾಮಾನ್ಯವಾಗಿ 0.9 ಅಂತ ಬರೆದಿರತ್ತೆ, ಅಷ್ಟು ಒತ್ತಡ ಒಳಗೆ ಹಿಡಿದಿಟ್ರೆ ಅದೇ ನೀರು 115 ಡಿಗ್ರಿ ದಾಟೋವರೆಗೂ ಕುದಿಯಲ್ಲ. ಅಂದ್ರೆ 105ರಲ್ಲಿ ಸುಮ್ಮನೆ ಇರೋ ನೀರು ನೀವು ಕ್ಯಾಪ್ ತಿರುಗಿಸಿದ ಕ್ಷಣ ಆವಿಯಾಗಿ ಮುಖಕ್ಕೆ ಹೊಡೆಯತ್ತೆ. ಇದರದ್ದೇ ಇನ್ನೊಂದು ಮುಖ ಏನು ಅಂದ್ರೆ ಕ್ಯಾಪಿನ ರಬ್ಬರ್ ಗಟ್ಟಿಯಾಗಿ ಒತ್ತಡ ನಿಲ್ಲದೇ ಹೋದ್ರೆ ಬೇರೆಲ್ಲಾ ಸರಿ ಇದ್ರೂ ಗಾಡಿ ಕುದಿಯತ್ತೆ. ಇಡೀ ಸಿಸ್ಟಮ್ಮಲ್ಲಿ ಅತಿ ಅಗ್ಗದ ಪಾರ್ಟ್ ಅದು, ಹಳೇದಾಗಿದ್ರೆ ಯೋಚ್ನೆ ಮಾಡದೇ ಹೊಸದು ಹಾಕಿ, ಆದ್ರೆ ಅದೇ ನಂಬರಿಂದು. "ಜಾಸ್ತಿ ಪ್ರೆಶರ್ದು ಹಾಕಿದ್ರೆ ಇನ್ನೂ ಒಳ್ಳೇದು" ಅಂತ 1.1ರದ್ದು ಹಾಕಿಸ್ಕೊಂಡ್ರೆ ಹಳೇ ಪೈಪುಗಳು, ಹಳೇ ಹೀಟರ್ ಕೋರು (ಡ್ಯಾಶ್‌ಬೋರ್ಡ್ ಹಿಂದಿನ ಪುಟ್ಟ ರೇಡಿಯೇಟರ್) ಮೊದಲು ಬಾಯಿ ಬಿಡ್ತಾವೆ.

ನಿಂತಾಗ ಹೀಟಾ, ಓಡಿದಾಗ ಹೀಟಾ

ಸಿಲ್ಕ್ ಬೋರ್ಡ್ ಸಿಗ್ನಲ್ಲಲ್ಲಿ ಮುಳ್ಳು ಏರತ್ತೆ, ತುಮಕೂರು ರೋಡ್ ಹತ್ತಿದ ಮೇಲೆ ತಾನೇ ಇಳಿಯತ್ತೆ ಅಂದ್ರೆ ಮೊದಲ ಅನುಮಾನ ಫ್ಯಾನ್ ಮೇಲೆ. ಓಡೋ ಗಾಡಿಗೆ ಗಾಳಿ ಹೊರಗಿಂದ ಸಿಗತ್ತೆ, ನಿಂತ ಗಾಡಿಗೆ ಫ್ಯಾನೇ ಗತಿ. ಎಲೆಕ್ಟ್ರಿಕ್ ಫ್ಯಾನ್ ಇರೋ ಗಾಡಿಲಿ ಎ.ಸಿ. ಹಾಕಿ ನೋಡಿ, ಬಹುತೇಕ ಗಾಡಿಗಳಲ್ಲಿ ಎ.ಸಿ. ಹಾಕಿದ್ರೆ ಫ್ಯಾನ್ ತಿರುಗಲೇಬೇಕು. ಎ.ಸಿ.ಗೆ ತಿರುಗತ್ತೆ ಆದ್ರೆ ಹೀಟಿಗೆ ತಿರುಗಲ್ಲ ಅಂದ್ರೆ ಮೋಟರ್ ಚೆನ್ನಾಗಿದೆ, ಫ್ಯಾನ್ ಸ್ವಿಚ್ಚೋ ಸೆನ್ಸಾರೋ ಸತ್ತಿದೆ (ಕೆಲವು ಗಾಡಿಲಿ ಎ.ಸಿ.ಗೆ ಬೇರೆ ಫ್ಯಾನೇ ಇರತ್ತೆ, ಅದು ನೋಡ್ಕೊಳ್ಳಿ). ಎರಡಕ್ಕೂ ತಿರುಗಲ್ಲ ಅಂದ್ರೆ ಫ್ಯೂಸು, ರಿಲೇ, ಆಮೇಲೆ ಮೋಟರ್. ಕ್ವಾಲಿಸ್ ತರ ಎಂಜಿನ್ನಿಗೇ ಬೆಲ್ಟಲ್ಲಿ ಕಟ್ಟಿರೋ ಫ್ಯಾನಾದ್ರೆ ಮಧ್ಯದಲ್ಲಿರೋ ಫ್ಯಾನ್ ಕ್ಲಚ್ ನೋಡಬೇಕು, ಎಂಜಿನ್ ಬಿಸಿಯಾಗಿರೋವಾಗ ಆಫ್ ಮಾಡಿ ಕೈಯಲ್ಲಿ ತಿರುಗಿಸಿದ್ರೆ ಬಿಗಿ ಇರಬೇಕು, ಗಿರಗಿರ ಅಂತ ಸಲೀಸಾಗಿ ಸುತ್ತಿದ್ರೆ ಒಳಗಿನ ಎಣ್ಣೆ ಹೋಗಿದೆ. ಎಲೆಕ್ಟ್ರಿಕ್ ಫ್ಯಾನ್ ಹತ್ತಿರ ಮಾತ್ರ ಹುಷಾರು, ಎಂಜಿನ್ ಆಫ್ ಇದ್ರೂ ಅದು ಇದ್ದಕ್ಕಿದ್ದಂಗೆ ಶುರುವಾಗಬಹುದು.

ಇದಕ್ಕೆ ಉಲ್ಟಾ, ಊರೊಳಗೆ ಏನೂ ಇಲ್ಲ, ಶಿರಾಡಿ ಚಾರ್ಮಾಡಿ ಹತ್ತೋವಾಗ್ಲೋ ಹೈವೇಲಿ 90ರ ಮೇಲೆ ಹೋದಾಗ್ಲೋ ಮಾತ್ರ ಏರತ್ತೆ ಅಂದ್ರೆ ಫ್ಯಾನ್ ಬಿಟ್ಟುಬಿಡಿ. ಆಗ ಹುಡುಕಬೇಕಾದ್ದು ಹರಿವು ಕಮ್ಮಿ ಎಲ್ಲಿ ಆಗಿದೆ ಅಂತ. ರೇಡಿಯೇಟರ್ ಒಳಗೆ ಕಟ್ಟಿರಬಹುದು, ವಾಟರ್ ಪಂಪಿನ ರೆಕ್ಕೆ ತುಕ್ಕು ತಿಂದು ಸವೆದಿರಬಹುದು, ಕೆಳಗಿನ ದಪ್ಪ ಪೈಪ್ ಮೆತ್ತಗಾಗಿ ಪಂಪ್ ಎಳೆಯೋವಾಗ ಒಳಕ್ಕೆ ಅಂಟ್ಕೊಳ್ತಿರಬಹುದು. ಈ ಕೊನೇದು ತುಂಬಾ ಜನರ ಕಣ್ಣಿಗೆ ಬೀಳಲ್ಲ, ಯಾಕೆ ಅಂದ್ರೆ ಗಾಡಿ ನಿಲ್ಸಿ ನೋಡಿದಾಗ ಪೈಪ್ ವಾಪಸ್ ಉಬ್ಬಿರತ್ತೆ, ಇನ್ನೊಬ್ಬರಿಗೆ ಎಂಜಿನ್ ರೇಸ್ ಮಾಡೋಕೆ ಹೇಳಿ ನೀವು ಪೈಪ್ ನೋಡಬೇಕು. ರೇಡಿಯೇಟರ್ ಕಟ್ಟಿರೋದು ಗೊತ್ತಾಗೋಕೆ ಬಿಸಿಯಾದ ಗಾಡಿ ಆಫ್ ಮಾಡಿ, ದೂರದಿಂದ ಡಿಗ್ರಿ ಅಳೆಯೋ ಗನ್ ಇದ್ಯಲ್ಲ ಅದನ್ನ ರೇಡಿಯೇಟರ್ ಮೇಲೆ ಆಡಿಸಿ, ಒಂದು ಕಡೆ ಬಿಸಿ ಮಧ್ಯದಲ್ಲಿ ಇದ್ದಕ್ಕಿದ್ದಂಗೆ ತಣ್ಣಗೆ ಅಂದ್ರೆ ಆ ತಣ್ಣಗಿರೋ ಜಾಗದ ಕೊಳವೆಗಳಲ್ಲಿ ನೀರು ಓಡ್ತಿಲ್ಲ.

ಕೋಲಾರ, ಚಿಕ್ಕಬಳ್ಳಾಪುರ, ಬೆಂಗಳೂರಿನ ಹೊರವಲಯದ ಗಾಡಿಗಳಲ್ಲಿ ಇದು ಜಾಸ್ತಿ ಕಾಣತ್ತೆ ಅಂದ್ರೆ ಆಶ್ಚರ್ಯ ಇಲ್ಲ, ಬೋರ್‌ವೆಲ್ ನೀರು ಅಷ್ಟು ಗಡಸು. ಸ್ನಾನದ ಹಂಡೆ ಒಳಗೆ ಬೆಳ್ಳಗೆ ಪದರ ಕಟ್ಟತ್ತಲ್ಲ, ವರ್ಷಗಟ್ಟಲೆ ಬೋರ್ ನೀರು ಹಾಕ್ಕೊಂಡು ಬಂದ ರೇಡಿಯೇಟರ್ ಕೊಳವೆ ಒಳಗೂ ಅದೇ ಆಗಿರತ್ತೆ, ಹೀಟರ್ ಕೋರಿನ ಕೊಳವೆಗಳಲ್ಲಿ ಹರಿವು ಇನ್ನೂ ಕಮ್ಮಿ, ಅಲ್ಲಿ ಇನ್ನೂ ಬೇಗ.

ಎಲ್ಲಾ ಹೊತ್ತಲ್ಲೂ, ನಿಂತಾಗ್ಲೂ ಓಡಿದಾಗ್ಲೂ, ಸ್ಟಾರ್ಟ್ ಮಾಡಿದ ಸ್ವಲ್ಪ ಹೊತ್ತಿಗೇ ಮುಳ್ಳು ಮೇಲಕ್ಕೆ ಹೋದ್ರೆ ಮುಖ್ಯವಾಗಿ ಮೂರು ಅನುಮಾನ, ಕೂಲೆಂಟೇ ಇಲ್ಲ, ಥರ್ಮೋಸ್ಟಾಟ್ ಮುಚ್ಚಿ ಕೂತಿದೆ, ಇಲ್ಲಾ ಹೆಡ್ ಗ್ಯಾಸ್ಕೆಟ್ (ಹೆಡ್ಡಿಗೂ ಕೆಳಗಿನ ಎಂಜಿನ್ ಬ್ಲಾಕಿಗೂ ಮಧ್ಯದ ಸೀಲ್) ಹೋಗಿದೆ.

ಹೀಟರ್ ನಾಬೇ ನಿಮ್ಮ ಎರಡನೇ ಮೀಟರ್

ಡ್ಯಾಶ್‌ಬೋರ್ಡ್ ಹಿಂದೆ ಇರೋ ಹೀಟರ್ ಕೋರ್ ಅನ್ನೋದು ಒಂದು ಪುಟ್ಟ ರೇಡಿಯೇಟರ್. ಎಂಜಿನ್ನಿಂದ ಒಂದು ಪೈಪಲ್ಲಿ ಬಿಸಿ ಕೂಲೆಂಟ್ ಬರತ್ತೆ, ಇನ್ನೊಂದರಲ್ಲಿ ವಾಪಸ್ ಹೋಗತ್ತೆ, ಬ್ಲೋವರ್ ಅದರ ಮೇಲೆ ಗಾಳಿ ಊದತ್ತೆ. ನಮ್ಮ ಕಡೆ ಹೀಟರ್ ಯಾರಿಗೆ ಬೇಕು ಅಂತ ಅದನ್ನ ಮರೆತೇಬಿಟ್ಟಿರ್ತೀವಿ, ಆದ್ರೆ ತಪಾಸಣೆಗೆ ಅದರಷ್ಟು ಪುಕ್ಕಟೆ ಸಾಧನ ಬೇರೆ ಇಲ್ಲ. ಮುಳ್ಳು ಮೇಲಿರೋವಾಗ ಹೀಟರ್ ಫುಲ್ ಬಿಸಿಗೆ ಇಟ್ಟು ಬ್ಲೋವರ್ ಹಾಕಿ. ಸುಡೋ ಗಾಳಿ ಬಂತು ಅಂದ್ರೆ ಕೂಲೆಂಟ್ ಇದೆ, ಓಡಾಡ್ತಿದೆ, ತೊಂದರೆ ಇರೋದು ರೇಡಿಯೇಟರ್, ಫ್ಯಾನ್, ಥರ್ಮೋಸ್ಟಾಟ್ ಕಡೆ. ಮುಳ್ಳು ಕೆಂಪಲ್ಲಿದ್ರೂ ತಣ್ಣನೆ ಗಾಳಿ ಬಂತು ಅಂದ್ರೆ ತಕ್ಷಣ ಗಾಡಿ ನಿಲ್ಸಿ, ಕೂಲೆಂಟ್ ಖಾಲಿ ಆಗಿದೆ, ಇಲ್ಲಾ ಪಂಪ್ ತಳ್ತಿಲ್ಲ, ಇಲ್ಲಾ ಒಳಗೆ ಗಾಳಿ ಸಿಕ್ಕಿಹಾಕ್ಕೊಂಡಿದೆ. (ಹೀಟರ್ ಮೊದಲೇ ಕೆಲಸ ಮಾಡ್ತಿರಲಿಲ್ಲ ಅಂದ್ರೆ ಈ ಪರೀಕ್ಷೆ ನಡಿಯಲ್ಲ.)

ಮುಳ್ಳನ್ನೇ ಪೂರ್ತಿ ನಂಬೋಕಾಗಲ್ಲ ಅನ್ನೋದಕ್ಕೂ ಇದೇ ಕಾರಣ. ಸೆನ್ಸಾರ್ ಕೂಲೆಂಟಲ್ಲಿ ಮುಳುಗಿದ್ರೆ ಮಾತ್ರ ಸರಿಯಾಗಿ ಹೇಳತ್ತೆ, ನೀರು ಪೂರ್ತಿ ಖಾಲಿಯಾದ್ರೆ ಅದು ಬರೀ ಆವಿಯಲ್ಲಿ ಕೂತಿರತ್ತೆ, ಕೆಲವು ಸಲ ಮುಳ್ಳು ಕೆಳಗೇ ಇಳಿಯತ್ತೆ, ನೀವು ಅಬ್ಬಾ ಸರಿಹೋಯ್ತು ಅಂದ್ಕೊಂಡು ಓಡಿಸ್ತೀರ, ಎಂಜಿನ್ ಸೀಜ್ ಆಗೋದು ಹೀಗೇ. ಏರಿದ ಮುಳ್ಳು ಕಾರಣ ಇಲ್ಲದೇ ಪಟ್ಟಂತ ಬಿದ್ರೆ ಖುಷಿ ಪಡಬೇಡಿ.

ಥರ್ಮೋಸ್ಟಾಟ್: ಕಿತ್ತುಹಾಕೋದಾ, ಹೊಸದು ಹಾಕೋದಾ

"ನಮ್ಮ ಬಿಸಿಲಿಗೆ ಇದೆಲ್ಲಾ ಬೇಡ ಸಾರ್, ಚಳಿ ದೇಶಕ್ಕೆ ಮಾಡಿರೋದು" ಅನ್ನೋ ಮಾತು ಕೇಳಿರ್ತೀರ. ನಾನು ಇದನ್ನ ಒಪ್ಪಲ್ಲ. ಥರ್ಮೋಸ್ಟಾಟ್ ಸಾಮಾನ್ಯವಾಗಿ 82ರಿಂದ 88 ಡಿಗ್ರಿ ಆಸುಪಾಸು ಬಾಯಿ ಬಿಡತ್ತೆ, ಅಲ್ಲಿವರೆಗೂ ಎಂಜಿನ್ ಬೇಗ ಬಿಸಿಯಾಗಲಿ ಅಂತ ರೇಡಿಯೇಟರಿಗೆ ನೀರು ಬಿಡಲ್ಲ. ಕಿತ್ತುಹಾಕಿದ್ರೆ ಎಂಜಿನ್ ಹದಕ್ಕೆ ಬರೋಕೆ ತುಂಬಾ ಹೊತ್ತು, ಅಷ್ಟೂ ಹೊತ್ತು ಪೆಟ್ರೋಲ್ ಜಾಸ್ತಿ ಕುಡಿಯತ್ತೆ, ಆಯಿಲಲ್ಲಿ ಜಿಡ್ಡು ಕಟ್ಟತ್ತೆ, ಸಿಲಿಂಡರ್ ಸವೆತ ಬೇರೆ. ಅದಕ್ಕಿಂತ ಮುಖ್ಯ ವಿಷ್ಯ ಕೆಲವು ಎಂಜಿನ್ನಿಂದು, ಅವುಗಳಲ್ಲಿ ಥರ್ಮೋಸ್ಟಾಟಿಗೆ ಹಿಂದೆ ಇನ್ನೊಂದು ತಟ್ಟೆ ಇರತ್ತೆ, ಮುಂದಿನದು ತೆರೆದಾಗ ಹಿಂದಿನದು ಅಡ್ಡದಾರಿ ಮುಚ್ಚತ್ತೆ. ಅಂಥದ್ದನ್ನ ಕಿತ್ರೆ ಅಡ್ಡದಾರಿ ಸದಾ ತೆರೆದೇ ಇರತ್ತೆ, ಬಿಸಿ ನೀರು ರೇಡಿಯೇಟರಿಗೆ ಹೋಗದೇ ಅಲ್ಲೇ ಸುತ್ತು ಹೊಡೆಯತ್ತೆ, ಹೀಟ್ ಕಮ್ಮಿ ಆಗಲಿ ಅಂತ ಕಿತ್ತಿದ್ದು ಇನ್ನೂ ಹೀಟ್ ಮಾಡತ್ತೆ.

ಕೆಟ್ಟಿದ್ಯಾ ಇಲ್ವಾ ಅಂತ ನೋಡೋದು ಕಷ್ಟ ಇಲ್ಲ. ತಣ್ಣನೆ ಗಾಡಿ ಸ್ಟಾರ್ಟ್ ಮಾಡಿ ರೇಡಿಯೇಟರಿನ ಮೇಲಿನ ದಪ್ಪ ಪೈಪ್ ಮುಟ್ಟುತ್ತಾ ಇರಿ, ಬಹುತೇಕ ಗಾಡಿಲಿ ಅದು ಮೊದಲು ತಣ್ಣಗೇ ಇದ್ದು, ಮುಳ್ಳು ಮಧ್ಯಕ್ಕೆ ಬರೋ ಹೊತ್ತಿಗೆ ಇದ್ದಕ್ಕಿದ್ದಂಗೆ ಬಿಸಿಯಾಗತ್ತೆ. ಮುಳ್ಳು ಮುಕ್ಕಾಲು ದಾಟಿದ್ರೂ ರೇಡಿಯೇಟರ್ ಪೂರ್ತಿ ತಣ್ಣಗಿದ್ರೆ ಥರ್ಮೋಸ್ಟಾಟ್ ತೆರೀತಿಲ್ಲ. ಮೊದಲ ನಿಮಿಷದಿಂದಲೇ ಪೈಪ್ ನಿಧಾನಕ್ಕೆ ಬೆಚ್ಚಗಾಗ್ತಾ ಹೋದ್ರೆ ಅದು ತೆರೆದೇ ಕೂತಿದೆ, ಅಥವಾ ಹಿಂದಿನ ಓನರ್ ಕಾಲದಲ್ಲೇ ಯಾರೋ ಕಿತ್ತಿದ್ದಾರೆ. ಬಿಚ್ಚಿದ ಮೇಲೆ ಪಾತ್ರೆ ನೀರಲ್ಲಿ ದಾರ ಕಟ್ಟಿ ಇಳಿಬಿಟ್ಟು ಒಲೆ ಮೇಲಿಟ್ಟು ಥರ್ಮಾಮೀಟರ್ ಹಿಡಿದು ನೋಡಬಹುದು, ಆದ್ರೆ ನಿಜ ಹೇಳ್ಬೇಕಂದ್ರೆ ಇಷ್ಟು ಬಿಚ್ಚಿದ ಮೇಲೆ ಹಳೇದನ್ನೇ ವಾಪಸ್ ಹಾಕೋದ್ರಲ್ಲಿ ಅರ್ಥ ಇಲ್ಲ, ಗ್ಯಾಸ್ಕೆಟ್ ಸಮೇತ ಹೊಸದು ಹಾಕಿ.

ಹೆಡ್ ಬಿಚ್ಚೋ ಮಾತು ಬಂದ್ರೆ

ಈ ಒಂದು ಮಾತಿಗೆ ಮಾತ್ರ ಸಾಕ್ಷಿ ಕೇಳಿ. ಬೆಳಿಗ್ಗೆ ತಣ್ಣನೆ ಗಾಡಿ ಸ್ಟಾರ್ಟ್ ಮಾಡಿದ ಒಂದೆರಡು ನಿಮಿಷಕ್ಕೇ, ಎಂಜಿನ್ ಇನ್ನೂ ಬಿಸಿಯೇ ಆಗದೆ, ಮೇಲಿನ ಪೈಪ್ ಕಲ್ಲಿನ ತರ ಗಟ್ಟಿಯಾದ್ರೆ ಉರಿದ ಗ್ಯಾಸು ಕೂಲೆಂಟಿಗೆ ನುಗ್ತಿದೆ. ಕ್ಯಾಪ್ ತೆಗೆದು ತಣ್ಣನೆ ಗಾಡಿ ಸ್ಟಾರ್ಟ್ ಮಾಡಿದಾಗ ಗುಳ್ಳೆ ನಿಲ್ಲದೇ ಬರ್ತಾನೇ ಇದ್ರೂ ಅದೇ. ಸೈಲೆನ್ಸರಿಂದ ಗಾಡಿ ಪೂರ್ತಿ ಬಿಸಿಯಾದ ಮೇಲೂ ಸಿಹಿ ವಾಸನೆಯ ದಟ್ಟ ಬಿಳಿ ಹೊಗೆ, ಡಿಪ್‌ಸ್ಟಿಕ್ಕಲ್ಲಿ ಕಾಫಿಗೆ ಹಾಲು ಜಾಸ್ತಿಯಾದ ಬಣ್ಣ, ಇವೆರಡೂ ಗುರುತೇ, ಆದ್ರೆ ಚಳಿಗಾಲದ ಬೆಳಿಗ್ಗೆ ಎರಡು ನಿಮಿಷ ಬಂದು ನಿಲ್ಲೋ ಹೊಗೆಗೂ, ಆಯಿಲ್ ಹಾಕೋ ಮುಚ್ಚಳದ ಕೆಳಗೆ ಮಾತ್ರ ಸ್ವಲ್ಪ ಹಳದಿ ನೊರೆ ಇರೋದಕ್ಕೂ ಹೆದರಬೇಡಿ, ಗಾಡಿನ ಬರೀ ಹತ್ತಿರದ ಓಡಾಟಕ್ಕೆ ಬಳಸಿದ್ರೂ ಹಂಗಾಗತ್ತೆ. ಅನುಮಾನ ಉಳಿದ್ರೆ ನೀಲಿ ದ್ರಾವಣದ ಟೆಸ್ಟ್ ಇದೆ, ರೇಡಿಯೇಟರ್ ಬಾಯಿಗೆ ಹಿಡಿದು ಒಳಗಿನ ಗಾಳಿ ಅದರ ಮೂಲಕ ಎಳೆದಾಗ ಪೆಟ್ರೋಲ್ ಗಾಡಿಲಿ ಹಳದಿಗೆ ತಿರುಗಿದ್ರೆ ಗ್ಯಾಸ್ಕೆಟ್ಟೋ ಹೆಡ್ಡೋ ಹೋಗಿದೆ. ಹೆಡ್ ಬಿಚ್ಚಿಸೋದೇ ಆದ್ರೆ ಬರೀ ಗ್ಯಾಸ್ಕೆಟ್ ಬದಲಾಯಿಸಿ ಮುಚ್ಚೋಕೆ ಬಿಡಬೇಡಿ, ಅಲ್ಯೂಮಿನಿಯಂ ಹೆಡ್ ಹೀಟಿಗೆ ಸೊಟ್ಟ ಆಗಿರತ್ತೆ, ಲೇತಲ್ಲಿ ಚೆಕ್ ಮಾಡಿಸಿ ಬೇಕಿದ್ರೆ ಫೇಸಿಂಗ್ (ಮೇಲ್ಮೈ ಸಮ ಮಾಡೋದು) ಮಾಡಿಸಲೇಬೇಕು.

ಕಾಲಡಿ ಒದ್ದೆ: ಹೀಟರ್ ಕೋರಾ, ಎ.ಸಿ.ನಾ, ಮಳೆನಾ

ಈಗ ಕೂಲೆಂಟ್ ಕಮ್ಮಿ ಆಗ್ತಿದೆ, ಕೆಳಗೆ ನೆಲದಲ್ಲಿ ಹನಿ ಇಲ್ಲ, ಪಂಪಿನ ಕೆಳಗಿರೋ ಸಣ್ಣ ತೂತಲ್ಲಿ ಒಸರಿಲ್ಲ, ಹೆಡ್ಡೂ ಸರಿಯಿದೆ. ಆಗ ಗಾಡಿ ಒಳಗೆ ನೋಡಬೇಕು. ಎಡಗಡೆ ಸೀಟಲ್ಲಿ ಕೂರೋರ ಕಾಲ ಹತ್ತಿರದ ಮ್ಯಾಟ್ ಎತ್ತಿ, ಕಾರ್ಪೆಟ್ ಕೆಳಗಿನ ಸ್ಪಂಜು ಒತ್ತಿ ನೋಡಿ. ಒದ್ದೆ ಇದೆ ಅಂದ ಮಾತ್ರಕ್ಕೆ ಹೀಟರ್ ಕೋರೇ ಅಂತ ತೀರ್ಮಾನ ಮಾಡಬೇಡಿ, ಅಲ್ಲಿಗೆ ನೀರು ಬರೋಕೆ ಮೂರು ದಾರಿ ಇದೆ, ಮೂರಕ್ಕೂ ರಿಪೇರಿ ಖರ್ಚು ಆಕಾಶ ಭೂಮಿ ವ್ಯತ್ಯಾಸ.

ಎ.ಸಿ. ನೀರು ಬಣ್ಣ ಇಲ್ಲದ್ದು, ವಾಸನೆ ಇಲ್ಲದ್ದು ಅಥವಾ ಸ್ವಲ್ಪ ಮುಗ್ಗಲು, ಬೆರಳಲ್ಲಿ ಉಜ್ಜಿದ್ರೆ ಜಾರಲ್ಲ, ಎ.ಸಿ. ಹಾಕಿದ ದಿನ ಮಾತ್ರ ಬರತ್ತೆ. ಎ.ಸಿ. ಹಾಕಿ ಗಾಡಿ ನಿಲ್ಸಿದಾಗ ಕೆಳಗೆ ನೆಲದ ಮೇಲೆ ನೀರು ಬೀಳೋದು ಸಹಜ, ಬೀಳ್ತಾ ಇದ್ದದ್ದು ನಿಂತು ಒಳಗೆ ಒದ್ದೆಯಾಗ್ತಿದ್ರೆ ಡ್ರೈನ್ ಪೈಪ್ ಕಟ್ಟಿದೆ, ಕೆಳಗಿಂದ ಮೆತ್ತಗೆ ಗಾಳಿ ಹೊಡೆದ್ರೆ ಮುಗೀತು. ಮಳೆ ನೀರಾದ್ರೆ ಮಣ್ಣು ಬಣ್ಣ, ಗಾಡಿ ನಿಂತೇ ಇದ್ರೂ ಒದ್ದೆಯಾಗತ್ತೆ, ಮರದ ಕೆಳಗೆ ನಿಲ್ಲಿಸೋ ಗಾಡಿಗಳಲ್ಲಿ ವೈಪರ್ ಕೆಳಗಿನ ಜಾಲರಿಯೊಳಗೆ ಎಲೆ ಕೊಳೆತು ನೀರು ಹೊರಗೆ ಹೋಗೋ ದಾರಿ ಮುಚ್ಚಿರತ್ತೆ, ಇಲ್ಲಾ ಗಾಜಿನ ರಬ್ಬರ್ ಹೋಗಿರತ್ತೆ. ಒಂದು ಬಕೆಟ್ ನೀರು ಮುಂದಿನ ಗಾಜಿನ ಮೇಲೆ ಸುರಿದು ಒಳಗೆ ಇನ್ನೊಬ್ಬರನ್ನ ಟಾರ್ಚ್ ಹಿಡ್ಕೊಂಡು ಕೂರಿಸಿದ್ರೆ ಐದು ನಿಮಿಷಕ್ಕೆ ಉತ್ತರ ಸಿಗತ್ತೆ.

ಹೀಟರ್ ಕೋರಿಂದು ಬೇರೆಯೇ. ಬೆರಳಿಗೆ ಜಿಡ್ಡು ಜಿಡ್ಡು, ಹಸಿರೋ ಕೆಂಪೋ ಬಣ್ಣ, ಸಿಹಿ ವಾಸನೆ, ಬ್ಲೋವರ್ ಹಾಕಿದ ತಕ್ಷಣ ಆ ವಾಸನೆ ಮುಖಕ್ಕೆ ಬರತ್ತೆ. ಮುಂದಿನ ಗಾಜಿನ ಒಳಗಡೆ ಮಂಜು ಕಟ್ಟತ್ತೆ, ಬಟ್ಟೇಲಿ ಒರೆಸಿದ್ರೆ ಹೋಗದೇ ಎಣ್ಣೆ ಸವರಿದ ಹಾಗೆ ಹರಡತ್ತೆ, ರಾತ್ರಿ ಎದುರು ಲೈಟ್ ಬಿದ್ರೆ ಏನೂ ಕಾಣಲ್ಲ. ರುಚಿ ನೋಡೋ ಸಾಹಸ ಮಾಡಬೇಡಿ, ಕೂಲೆಂಟಲ್ಲಿರೋ ಎಥಿಲೀನ್ ಗ್ಲೈಕಾಲ್ ವಿಷ, ಸಿಹಿ ಇರೋದ್ರಿಂದ್ಲೇ ನಾಯಿಗಳು ನೆಕ್ತಾವೆ, ಮಕ್ಕಳಿರೋ ಮನೇಲಿ ಹಳೇ ಕೂಲೆಂಟನ್ನ ಬಕೆಟಲ್ಲಿ ಬಿಟ್ಟಿರಬೇಡಿ. ಗಾಡಿಗೆ ಬರೀ ನೀರು ಹಾಕಿರೋರಿಗೆ ಈ ಬಣ್ಣ ವಾಸನೆ ಗುರುತು ಸಿಗಲ್ಲ, ಅವರು ಎ.ಸಿ. ಹಾಕದೇ, ಮಳೆ ಇಲ್ಲದ ದಿನ ಓಡಿಸಿ ಕಾರ್ಪೆಟ್ ನೋಡಬೇಕು.

ಖಚಿತ ಮಾಡ್ಕೊಳ್ಳೋಕೆ ಎರಡು ದಾರಿ. ರೇಡಿಯೇಟರ್ ಸರ್ವಿಸ್ ಮಾಡೋರ ಹತ್ರ ಕೈಪಂಪಿನ ಪ್ರೆಶರ್ ಟೆಸ್ಟರ್ ಇರತ್ತೆ, ತಣ್ಣನೆ ಎಂಜಿನ್ನಿಗೆ ಕ್ಯಾಪ್ ಮೇಲೆ ಬರೆದಿರೋಷ್ಟೇ ಒತ್ತಡ ಕೊಟ್ಟು ಕಾಲು ಗಂಟೆ ಬಿಟ್ರೆ ಟೆಸ್ಟರಿನ ಮುಳ್ಳು ಇಳಿಯತ್ತೋ ನಿಲ್ಲತ್ತೋ ಗೊತ್ತಾಗತ್ತೆ, ಇಳಿದ್ರೆ ಎಲ್ಲಿ ಒಸರ್ತಿದೆ ಅಂತ ಟಾರ್ಚ್ ಹಿಡಿದು ಹುಡುಕೋದು. ಟೆಸ್ಟರ್ ಸಿಗ್ಲಿಲ್ಲ ಅಂದ್ರೆ ಎಂಜಿನ್ ಮತ್ತು ಕ್ಯಾಬಿನ್ ಮಧ್ಯದ ತಗಡಿನ ಹತ್ತಿರ ಒಳಗೆ ಹೋಗೋ ಎರಡು ಪೈಪನ್ನ ಕೋರಿಂದ ಬಿಚ್ಚಿ ಒಂದಕ್ಕೊಂದು ಜೋಡಿಸಿ ಕೆಲವು ದಿನ ಓಡಿಸಿ, ಡಬ್ಬಿ ಗೆರೆ ಅಲ್ಲೇ ನಿಂತ್ರೆ ಕಳ್ಳ ಸಿಕ್ಕಿದ. ಇದು ನನಗೆ ಹೆಚ್ಚು ಇಷ್ಟ, ಯಾಕೆ ಅಂದ್ರೆ ಪರೀಕ್ಷೆಯೇ ತಾತ್ಕಾಲಿಕ ರಿಪೇರಿನೂ ಆಗತ್ತೆ. ಪೈಪನ್ನ ಪ್ಲೈಯರಲ್ಲಿ ಹಿಸುಕಿ ಹರಿವು ನಿಲ್ಲಿಸೋದು ಮಾತ್ರ ಬೇಡ, ಹಳೇ ರಬ್ಬರು ಒಳಗೇ ಸೀಳಿ ಆಮೇಲೆ ರಸ್ತೇಲಿ ಒಡೆಯತ್ತೆ.

ಅಂದ ಹಾಗೆ ಹೀಟರ್ ಆಫ್ ಇಟ್ರೆ ಲೀಕ್ ನಿಲ್ಲತ್ತೆ ಅನ್ನೋದು ಎಲ್ಲಾ ಗಾಡಿಗೂ ನಿಜ ಅಲ್ಲ. ಕೆಲವಕ್ಕೆ ಕೇಬಲ್ಲಲ್ಲಿ ತಿರುಗೋ ನೀರಿನ ವಾಲ್ವ್ ಇರತ್ತೆ, ಕೆಲವಕ್ಕೆ ವಾಲ್ವೇ ಇಲ್ಲ, ಕೋರಲ್ಲಿ ಸದಾ ಬಿಸಿ ನೀರು, ನಾಬ್ ತಿರುಗಿಸಿದ್ರೆ ಗಾಳಿಯ ದಾರಿ ಮಾತ್ರ ಬದಲಾಗತ್ತೆ. ವಾಲ್ವ್ ಇದ್ರೂ ಅದು ಒಂದೇ ಪೈಪಲ್ಲಿ ಇರತ್ತೆ, ಇನ್ನೊಂದು ಪೈಪಿನ ಕಡೆಯಿಂದ ಒತ್ತಡ ಬರ್ತಾನೇ ಇರತ್ತೆ.

ರಿಪೇರಿ: ಅರಿಶಿನ, ಬೈಪಾಸ್, ಬೆಸುಗೆ, ಹೊಸದು

ಅರಿಶಿನ ಪುಡಿ, ಲೀಕ್ ನಿಲ್ಲಿಸೋ ಪುಡಿ, ಬಾಟಲಿ ದ್ರಾವಣ, ಎಲ್ಲಾ ಒಂದೇ ಜಾತಿ. ತೂತಿಗೆ ಹೋಗಿ ಕೂರತ್ತೆ ನಿಜ, ಆದ್ರೆ ಎಲ್ಲಿ ಕೂರಬೇಕು ಅಂತ ಅದಕ್ಕೆ ಗೊತ್ತಿಲ್ಲ, ಸಣ್ಣ ಕೊಳವೆ ಸಿಕ್ಕಿದ ಕಡೆಯೆಲ್ಲಾ ಕೂರತ್ತೆ. ಲೀಕಿಗೆ ಅಂತ ಹಾಕಿದ್ದು ರೇಡಿಯೇಟರ್ ಕಟ್ಟಿಸಿ ಹೀಟಿಗೆ ದಾರಿ ಮಾಡತ್ತೆ. ಘಾಟಿ ಮಧ್ಯೆ ರಾತ್ರಿ ಸಿಕ್ಕಿಹಾಕ್ಕೊಂಡು ಮನೆಗೆ ಬರೋದೊಂದೇ ಗುರಿ ಅಂದ್ರೆ ಸರಿ, ಬಂದ ಮೇಲೆ ಪೂರ್ತಿ ಫ್ಲಶ್ ಮಾಡಿಸಿ. ಮಾರೋ ಗಾಡಿಗೆ ಹಾಕಿ ಇನ್ನೊಬ್ಬರ ತಲೆಗೆ ಕಟ್ಟೋರೂ ಇದ್ದಾರೆ, ಹಳೇ ಗಾಡಿ ಕೊಳ್ಳೋವಾಗ ರೇಡಿಯೇಟರ್ ಒಳಗೆ ಬೆರಳಾಡಿಸಿ ಕೆಸರು ಇದ್ಯಾ ನೋಡಿ.

ಬೈಪಾಸ್ ಅಂದ್ರೆ ಮೇಲೆ ಹೇಳಿದ ಹಾಗೆ ಎರಡು ಪೈಪ್ ಜೋಡಿಸಿ ಕೋರನ್ನ ಪಕ್ಕಕ್ಕೆ ಬಿಡೋದು. ಬೆಂಗಳೂರು, ಮೈಸೂರು, ಹುಬ್ಬಳ್ಳಿ, ಕಲಬುರಗಿ ಕಡೆ ಓಡೋ ಗಾಡಿಗೆ, ಅದೂ ಎ.ಸಿ. ಇರೋ ಗಾಡಿಗೆ, ನನ್ನ ಓಟು ಇದಕ್ಕೇ. ನೂರಿನ್ನೂರು ರೂಪಾಯಿ ಪೈಪು, ಎರಡು ಒಳ್ಳೇ ಕ್ಲಿಪ್ಪು, ಒಂದು ಗಂಟೆ ಕೆಲಸ, ಎಂಜಿನ್ನಿಗೆ ಏನೂ ಆಗಲ್ಲ. ಆದ್ರೆ ಗಿಡಕ್ಕೆ ನೀರು ಹಾಯ್ಸೋ ಪೈಪ್ ತುಂಡು ಹಾಕಿ ಕಳಿಸ್ತಾರೆ, ಅದು ಬಿಸಿಗೆ ಮೆತ್ತಗಾಗಿ ಕಿತ್ತು ಬರತ್ತೆ, ರೇಡಿಯೇಟರ್ ಪೈಪಿನ ರಬ್ಬರೇ ಆಗಬೇಕು, ತುಂಬಾ ಮಡಚದೇ ಯು ಆಕಾರದಲ್ಲಿ ಬರೋ ಹಾಗೆ. ಎರಡೂ ಪೈಪಿಗೆ ಬೆಣೆ ಹೊಡೆದು ಮುಚ್ಚೋದಕ್ಕಿಂತ ಜೋಡಿಸೋದೇ ಒಳ್ಳೇದು, ಎಷ್ಟೋ ಎಂಜಿನ್ನಲ್ಲಿ ಥರ್ಮೋಸ್ಟಾಟ್ ಮುಚ್ಚಿರೋವಾಗ ನೀರು ಸುತ್ತಾಡೋಕೆ ಹೀಟರ್ ದಾರಿನೂ ಬೇಕಾಗಿರತ್ತೆ.

ಗ್ಯಾಸ್ ಕಿಟ್ ಹಾಕಿರೋ ಗಾಡಿನಾ? ಹಂಗಿದ್ರೆ ಕೈ ಹಾಕೋ ಮುಂಚೆ ಪೈಪ್ ಎಲ್ಲಿ ಹೋಗಿದೆ ಅಂತ ಬೆರಳಲ್ಲಿ ಹಿಡಿದು ನೋಡಿ. ಎಲ್‌ಪಿಜಿ, ಸಿಎನ್‌ಜಿ ಕಿಟ್ಟಿನ ರೆಡ್ಯೂಸರ್ (ಗ್ಯಾಸಿನ ಒತ್ತಡ ಇಳಿಸೋ ಭಾಗ) ಬಿಸಿಯಾಗಿರೋಕೆ ಕೂಲೆಂಟ್ ಬೇಕು, ಅದನ್ನ ಸಾಮಾನ್ಯವಾಗಿ ಹೀಟರ್ ಪೈಪಿಂದಲೇ ಟಿ ಹಾಕಿ ತಗೊಂಡಿರ್ತಾರೆ. ಬೈಪಾಸ್ ಮಾಡೋವಾಗ ಆ ದಾರಿ ಕಟ್ ಆದ್ರೆ ರೆಡ್ಯೂಸರ್ ಹಿಮ ಕಟ್ಟಿ ಗಾಡಿ ಗ್ಯಾಸಲ್ಲಿ ನಿಲ್ಲಲ್ಲ. ಕೂಲೆಂಟ್ ಕಮ್ಮಿಯಾಗ್ತಿದ್ರೆ ಆ ಟಿ ಜಾಯಿಂಟುಗಳನ್ನೂ ರೆಡ್ಯೂಸರ್ ಒಳಗಿನ ಸೀಲನ್ನೂ ಅನುಮಾನದ ಪಟ್ಟಿಗೆ ಸೇರಿಸಿ, ಫ್ಯಾಕ್ಟರಿ ಪೈಪುಗಳಿಗಿಂತ ಮೊದಲು ಆಮೇಲೆ ಹಾಕಿದ ಜಾಯಿಂಟುಗಳೇ ಬಿಡೋದು.

ಮಲೆನಾಡು, ಕೊಡಗಿನೋರಿಗೆ ನಾನು ಬೈಪಾಸ್ ಖಾಯಂ ಅಂತ ಹೇಳಲ್ಲ. ಜೂನಿಂದ ಸೆಪ್ಟೆಂಬರ್‌ವರೆಗೆ ಗಾಜಿನ ಮಂಜು ಓಡಿಸೋಕೆ ಎ.ಸಿ. ಜೊತೆ ಬಿಸಿ ಗಾಳಿ ಸೇರಿದ್ರೇನೇ ಸರಿ, ಎ.ಸಿ. ಇಲ್ಲದ ಗಾಡಿಗಂತೂ ಹೀಟರ್ ಒಂದೇ ಆಧಾರ. ಇನ್ನು ಲಡಾಖ್ ಕಡೆ ಗಾಡಿ ತಗೊಂಡು ಹೋಗೋ ಪ್ಲಾನ್ ಇರೋರು, ಅಮೆರಿಕ ಕೆನಡಾದ ಚಳಿ ಊರುಗಳಲ್ಲಿ ಹಳೇ ಕಾರು ಇಟ್ಕೊಂಡಿರೋ ನಮ್ಮೋರು, ಅವರಿಗೆ ಈ ಆಯ್ಕೆನೇ ಇಲ್ಲ, ಅಲ್ಲಿ ಹೀಟರ್ ಇಲ್ಲದ ಗಾಡಿಲಿ ಗಾಜಿನ ಹಿಮ ಕರಗಲ್ಲ. ಬರೀ ನೀರು ಹಾಕಿ ಅಂಥ ಜಾಗಕ್ಕೆ ಹೋದ್ರೆ ಹೆಪ್ಪುಗಟ್ಟಿ ಬ್ಲಾಕೇ ಬಿರುಕು ಬಿಡಬಹುದು, ಅರ್ಧಕ್ಕರ್ಧ ಕೂಲೆಂಟ್ ಇದ್ರೆ ಮೈನಸ್ 35ರ ಆಸುಪಾಸಿನವರೆಗೂ ಭಯ ಇಲ್ಲ.

ಇಂಥೋರಿಗೆ ಉಳಿಯೋದು ಬೆಸುಗೆ ಅಥವಾ ಹೊಸದು. ಕೋರ್ ತಾಮ್ರ ಹಿತ್ತಾಳೆದಾದ್ರೆ ಜೆ.ಸಿ. ರೋಡ್, ಕಲಾಸಿಪಾಳ್ಯ ತರದ ಕಡೆ ಹಳೇ ರೇಡಿಯೇಟರ್ ಕೆಲಸದೋರು ಬೆಸುಗೆ ಹಾಕಿ ಕೊಡಬಲ್ಲರು, ಚೆನ್ನಾಗಿ ಮಾಡಿದ್ರೆ ವರ್ಷಗಟ್ಟಲೆ ಬಾಳಿಕೆ ಬರತ್ತೆ. ಅಲ್ಯೂಮಿನಿಯಂ ಕೊಳವೆಗೆ ಪ್ಲಾಸ್ಟಿಕ್ ತಲೆ ಇರೋದಾದ್ರೆ ಬೆಸುಗೆ ಕೂರಲ್ಲ, ಅಂಟು ಹಾಕಿ ಕೊಟ್ರೆ ನಂಬಬೇಡಿ, ಹೊಸದೇ ಹಾಕಿ. ಪಾರ್ಟಿನ ಬೆಲೆಗಿಂತ ಡ್ಯಾಶ್‌ಬೋರ್ಡ್ ಬಿಚ್ಚಿ ಕಟ್ಟೋ ಕೂಲಿ ಜಾಸ್ತಿ, ಎ.ಸಿ. ಕಾಯಿಲ್ ಜೊತೇಲೇ ಕೂತಿದ್ರೆ ಎ.ಸಿ. ಗ್ಯಾಸೂ ತೆಗೆದು ಮತ್ತೆ ತುಂಬಿಸಬೇಕು. ಆದ್ರಿಂದ ಗುಜರಿ ಕೋರ್ ಹಾಕಿ ನಾಲ್ಕು ಕಾಸು ಉಳಿಸೋಕೆ ಹೋಗಬೇಡಿ, ಅದು ಮತ್ತೆ ಸೋರಿದ್ರೆ ಅದೇ ಕೂಲಿ ಮತ್ತೊಮ್ಮೆ. ಒಮ್ಮೆ ಬಿಚ್ಚಿದಾಗಲೇ ಎರಡು ಹೀಟರ್ ಪೈಪು, ಕ್ಲಿಪ್ಪು, ವಾಲ್ವ್ ಇದ್ರೆ ವಾಲ್ವು ಹೊಸದು ಹಾಕಿಸಿ, ಎ.ಸಿ. ಕಾಯಿಲ್ ತೊಳೆಸಿ, ನೆನೆದ ಸ್ಪಂಜು ಹೊರಗೆ ತೆಗೆದು ಒಣಗಿಸಿ, ಇಲ್ಲಾಂದ್ರೆ ಕೆಳಗಿನ ತಗಡು ತುಕ್ಕು ತಿನ್ನತ್ತೆ. ಕೆಲವು ಹಳೇ ಗಾಡಿಲಿ ಡ್ಯಾಶ್‌ಬೋರ್ಡ್ ತೆಗೀದೇ ಕೆಳಗಿಂದಲೇ ಹೀಟರ್ ಪೆಟ್ಟಿಗೆ ಇಳಿಸಬಹುದು, ರೇಟ್ ಮಾತಾಡೋ ಮುಂಚೆ ಅದನ್ನ ಕೇಳಿ.

ಯಾವ ರಿಪೇರಿ ಮಾಡಿಸಿದ್ರೂ ತುಂಬೋದು ಬೋರ್ ನೀರಲ್ಲ. ಬ್ಯಾಟರಿಗೆ ಹಾಕೋ ಡಿಸ್ಟಿಲ್ಡ್ ವಾಟರ್ ಜೊತೆ ಅರ್ಧಕ್ಕರ್ಧ ಕೂಲೆಂಟ್, ಅಥವಾ ಬೆರೆಸಿಯೇ ಬರೋ ಡಬ್ಬ, ಅದಕ್ಕೆ ಮತ್ತೆ ನೀರು ಬೆರೆಸಬೇಡಿ. ಹಸಿರು ಕೆಂಪು ಅನ್ನೋ ಬಣ್ಣದಿಂದ ಒಳಗಿರೋ ಕೆಮಿಕಲ್ ಗೊತ್ತಾಗಲ್ಲ, ಬೇರೆ ಬೇರೆ ಜಾತಿದು ಬೆರೆತ್ರೆ ಗಂಜಿ ತರ ಗಟ್ಟಿಯಾಗೋ ಸಾಧ್ಯತೆ ಇದೆ, ಅದಕ್ಕೆ ಹಳೇದು ಪೂರ್ತಿ ಬಿಟ್ಟು ತೊಳೆದೇ ಹೊಸದು ಹಾಕಿ.

ತುಂಬಿದ ಮೇಲೆ ಗಾಳಿ ತೆಗೆಯೋ ಕೆಲಸಕ್ಕೆ ಅವಸರ ಮಾಡಬೇಡಿ, ಹೊಸ ಕೋರ್ ಹಾಕಿದ ಮಾರನೇ ದಿನವೇ ಗಾಡಿ ಹೀಟ್ ಆಯ್ತು ಅಂತ ವಾಪಸ್ ಬರೋರಲ್ಲಿ ಎಷ್ಟೋ ಜನರದ್ದು ಇದೇ ಕಥೆ. ಮೂತಿ ಮೇಲಾಗೋ ಹಾಗೆ ಇಳಿಜಾರಲ್ಲಿ ನಿಲ್ಲಿಸಿ, ಹೀಟರ್ ಫುಲ್ ಬಿಸಿಗೆ ಇಟ್ಟು, ಎಂಜಿನ್ ತಣ್ಣಗಿರೋವಾಗಲೇ ಕ್ಯಾಪ್ ತೆಗೆದು ಸ್ಟಾರ್ಟ್ ಮಾಡಿ, ಮಟ್ಟ ಇಳಿದಾಗ ತುಂಬ್ತಾ ಹೋಗಿ, ಗುಳ್ಳೆ ನಿಂತು ಮೇಲಿನ ಪೈಪ್ ಬಿಸಿಯಾಗೋಕೆ ಶುರುವಾದ ತಕ್ಷಣ ಕ್ಯಾಪ್ ಹಾಕಿ, ಆಮೇಲೆ ಫ್ಯಾನ್ ಒಂದೆರಡು ಸಲ ಬಂದು ನಿಲ್ಲೋವರೆಗೆ ಕಾಯಿರಿ. ಕೆಲವು ಎಂಜಿನ್ನಿಗೆ ಥರ್ಮೋಸ್ಟಾಟ್ ಹತ್ತಿರ ಗಾಳಿ ಬಿಡೋಕೇ ಒಂದು ಸ್ಕ್ರೂ ಇರತ್ತೆ, ಇದ್ರೆ ಅದನ್ನ ಬಳಸಿ. ಆಮೇಲೆ ಮೂರ್ನಾಲ್ಕು ದಿನ ಬೆಳಿಗ್ಗೆ ತಣ್ಣನೆ ಗಾಡಿಲಿ ಮಟ್ಟ ನೋಡಿ, ಮೊದಲ ಒಂದೆರಡು ದಿನ ಸ್ವಲ್ಪ ಇಳಿಯೋದು ಗಾಳಿ ಹೊರಗೆ ಹೋಗಿದ್ದಕ್ಕೆ, ಆಮೇಲೂ ಇಳೀತಾನೇ ಇದ್ರೆ ಮತ್ತೆ ಪ್ರೆಶರ್ ಟೆಸ್ಟರ್ ಹಾಕಿಸಿ.